ಪೆಂಡಜ್ಜಿಯ ನೀಲಿ ಬಟ್ಟೆ

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಹಿಂದಕ್ಕೆ ಹೋಗಿ. ಕಡಲಾಚೆ, ಆಫ್ರಿಕಾ ಸೀಮೇಲಿ, ಸೆನೆಗಲ್ ಅಂತ ಒಂದು ನಾಡು. ಆ ನಾಡಲ್ಲಿ ಒಂದಾನೊಂದು ಊರು. ಊರ ಹೆಸರು ಕೇಳಬೇಡಿ. ಹೇಳಿದ್ರೆ ನೀವೇನು ನಾಳೆ ಹೋಗ್ತೀರಾ?

ಆ ಊರಲ್ಲಿ ದೆಂಬಾ ಅಂತ ಒಬ್ಬ ದರ್ಜಿ. ಕೈ ಒಳ್ಳೇದು, ಬಾಯಿ ಸಡಿಲ. ಯಾರು ಬಟ್ಟೆ ತಂದ್ರೂ "ಹಬ್ಬಕ್ಕೆ ಕೊಡ್ತೀನಿ" ಅಂದುಬಿಡೋನು. ಯಾವ ಹಬ್ಬ? ನಾವು ಬಕ್ರೀದ್ ಅಂತೀವಲ್ಲ, ಅದೇ. ಅಲ್ಲಿಯವರು ತಬಸ್ಕಿ ಅಂತಾರೆ. ಬೆಳಿಗ್ಗೆ ಬಯಲಲ್ಲಿ ನಮಾಜು. ಆಮೇಲೆ ಟಗರು ಕುರ್ಬಾನಿ. ಮಾಂಸ ಮೂರು ಪಾಲು: ಮನೆಗೊಂದು, ನೆಂಟರಿಷ್ಟರಿಗೊಂದು, ಇಲ್ಲದವರಿಗೊಂದು. ಉಂಡಾದ ಮೇಲೆ ಹೊಸ ಬಟ್ಟೆ ಹಾಕ್ಕೊಂಡು ಮನೆಮನೆಗೂ ಹೋಗಿ "ತಪ್ಪಾಗಿದ್ರೆ ಕ್ಷಮಿಸಿ" ಅಂತ ಕೇಳ್ಬೇಕು. ಆ ಮನೆಯವರು "ಕ್ಷಮಿಸಿದೀವಿ, ನೀವೂ ನಮ್ಮನ್ನ ಕ್ಷಮಿಸಿ" ಅನ್ಬೇಕು. ಆಗಲ್ಲ ಅನ್ನೋ ಹಾಗಿಲ್ಲ. ಈ ಪದ್ಧತಿ ನಮ್ಮೂರಿಗೂ ಬಂದಿದ್ರೆ ಅರ್ಧ ಜಗಳ ಮುಗೀತಿತ್ತು.

ಅದೇ ಊರಲ್ಲಿ ಪೆಂಡಾ ಅಂತ ಒಬ್ಬ ಅಜ್ಜಿ. ಬಟ್ಟೆಗೆ ನೀಲಿ ಅದ್ದೋದ್ರಲ್ಲಿ ಎತ್ತಿದ ಕೈ. ಊರಿಗೆಲ್ಲ ಬಣ್ಣ ಹಾಕಿಕೊಟ್ಟೋಳು, ತನಗೆ ಅಂತ ಒಂದೂ ಮಾಡ್ಕೊಂಡಿರಲಿಲ್ಲ. ಆ ವರ್ಷ ಮಾಡಿದಳು. ಚಿತ್ತಾರ ಮೂಡ್ಲಿ ಅಂತ ಮೂರು ತಿಂಗಳು ಬಟ್ಟೆಗೆ ಗಂಟು ಕಟ್ಟಿ, ಬಣ್ಣಕ್ಕೆ ಅದ್ದಿ, ಗಂಟು ಬಿಚ್ಚಿ, ದೆಂಬಾ ಕೈಗೆ ಕೊಟ್ಟಳು.

"ಕೈ ನಡುಗುತ್ತೆ ಮಗಾ. ಇದೇ ಕಡೇದು. ಹುಷಾರಾಗಿ ಹೊಲಿ."

"ಹಬ್ಬಕ್ಕೆ ಕೊಡ್ತೀನಿ ಅಜ್ಜಿ."

ಕೇಳಿ ಈಗ. ಹಬ್ಬಕ್ಕೆ ಇನ್ನೆರಡೇ ದಿನ. ಬಟ್ಟೆ ಗುಡ್ಡೆ ಬಿದ್ದಿದೆ. ಊರ ಯಜಮಾನನ ಹೆಂಡತಿದೂ ನೀಲಿ, ಅಜ್ಜಿದೂ ನೀಲಿ. ಅವಸರದಲ್ಲಿ ಅಜ್ಜಿದನ್ನೇ ಎಳ್ಕೊಂಡು, ಯಜಮಾನ್ತಿ ಅಳತೆಗೆ ಕತ್ತರಿ ಹಾಕ್ಬಿಟ್ಟ! ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಬಟ್ಟೆ ಕತ್ತರಿಸಿದ್ರೆ? ಅದೂ ಹೋಯ್ತು. ಹೊಲಿದು ಯಜಮಾನ್ತಿಗೇ ಕೊಟ್ಟ. ಅವಳಿಗೆ ಗುರುತು ಸಿಗಲಿಲ್ವಾ? ತನ್ನದಕ್ಕಿಂತ ಚೆನ್ನಾಗಿರೋದು ಬಂದ್ರೆ ಯಾರು ತಾನೇ ಗುರುತು ಹಿಡೀತಾರೆ! ಅಜ್ಜಿಗೆ "ಇನ್ನೂ ಮುಗಿದಿಲ್ಲ" ಅಂದ. ಹಬ್ಬದ ದಿನ ಹೆಂಗೂ ಕ್ಷಮಿಸಲೇಬೇಕಲ್ಲ ಅಂತ ಅವನ ಧೈರ್ಯ.

ಹಬ್ಬ ಬಂತು. ಉಂಡೆದ್ದವನೇ ಅಜ್ಜಿ ಮನೆಗೆ ಹೋದ. ಅಜ್ಜಿ ಹಳೇ ಬಟ್ಟೇಲೇ ಬಾಗಿಲಲ್ಲಿ ಕೂತಿದ್ದಳು.

"ಅಜ್ಜಿ, ಏನಾದ್ರೂ ತಪ್ಪಾಗಿದ್ರೆ ಕ್ಷಮಿಸು."

"ಕ್ಷಮಿಸಿದೀನಿ. ನೀನೂ ನನ್ನ ಕ್ಷಮಿಸು."

ಮುಗೀತಲ್ಲ? ಮುಗೀಲಿಲ್ಲ. ಬೀದಿಗಿಳಿದ್ರೆ ಯಜಮಾನ್ತಿ ನೀಲಿ ನಿಲುವಂಗಿ ಬೀಸ್ಕೊಂಡು ಬರ್ತಿದ್ದಾಳೆ. ದೆಂಬಾ ಅಜ್ಜಿ ಮನೆಗೇ ತಿರುಗಿ ಹೋದ.

"ಅಜ್ಜಿ, ಏನಾದ್ರೂ ತಪ್ಪಾಗಿದ್ರೆ..."

"ಆಗಲೇ ಕೇಳಿದ್ಯಲ್ಲೋ. ಕ್ಷಮಿಸಿದೀನಿ, ಹೋಗು."

ಹೋದ. ಬೀದಿ ಕೊನೆ ಮುಟ್ಟಲಿಲ್ಲ. ಮೂರನೇ ಸಲ ಬಂದು ಅಜ್ಜಿ ಎದುರು ನೆಲದ ಮೇಲೆ ಕೂತ.

"ಅಜ್ಜಿ, ನಿನ್ನ ಬಟ್ಟೆ ಕತ್ತರಿಸಿ ಯಜಮಾನ್ತಿಗೆ ಹೊಲಿದುಬಿಟ್ಟೆ. ನಿಂಗೆ ಸುಳ್ಳು ಹೇಳಿದೆ."

ಅಜ್ಜಿ ಕಣ್ಣೊರೆಸಿಕೊಂಡಳು. "ನನ್ನ ಕೈಕೆಲಸ ನಂಗೆ ಗೊತ್ತಾಗಲ್ವೇನೋ? ನೀನು ಬರೋಕೆ ಮುಂಚೇನೇ ಈ ಬಾಗಿಲ ಮುಂದೆ ಹಾದುಹೋಯ್ತು. ನೀನು ಏನಾದ್ರೂ ತಪ್ಪು ಅಂತ ಕೇಳಿದೆ, ನಾನೂ ಏನೋ ಒಂದು ಕ್ಷಮೆ ಕೊಟ್ಟೆ. ಈಗ ಇಂಥಾ ತಪ್ಪು ಅಂತ ಹೇಳಿದೀಯ. ಈಗ ಕ್ಷಮಿಸಿದೀನಿ. ನೀನೂ ನನ್ನ ಕ್ಷಮಿಸು."

"ನಿಂದೇನಜ್ಜಿ ತಪ್ಪು?"

"ಆಗ ಎರಡು ಸಲ ಕ್ಷಮಿಸಿದೀನಿ ಅಂದ್ನಲ್ಲ. ಎರಡೂ ಸುಳ್ಳು."

ದೆಂಬಾ ಯಜಮಾನ್ತಿ ಹತ್ರಾನೂ ಹೋಗಿ ತಪ್ಪೊಪ್ಪಿಕೊಂಡು, ಅವಳ ಬಟ್ಟೆ ಅವಳಿಗೆ ವಾಪಸ್ ಕೊಟ್ಟ. ತನಗೆ ಅಂತ ಇಟ್ಟಿದ್ದ ಬಿಳೀ ಬಟ್ಟೆ ಅಜ್ಜಿಗೆ ತಂದ. "ನೀನು ಹೇಳ್ತಾ ಹೋಗು, ನಾನು ಅದ್ದುತೀನಿ" ಅಂದ. ಮುಂದಿನ ತಬಸ್ಕಿಗೆ ಅಜ್ಜಿ ಹೊಸ ನೀಲಿ ತೊಟ್ಟು ಬೀದಿಗೆ ಬಂದಳು. ಚಿತ್ತಾರ ಅಲ್ಲಲ್ಲಿ ಸೊಟ್ಟ, ಅಜ್ಜಿ ನಡಿಗೆ ನೆಟ್ಟಗೆ. ದೆಂಬಾ ಕೈಗಂಟಿದ ನೀಲಿ ಮಾತ್ರ ಇನ್ನೂ ಹೋಗಿರಲಿಲ್ಲ. ಅವತ್ತಿಂದ ಯಾರಾದ್ರೂ ಬಟ್ಟೆ ತಂದ್ರೆ ಒಂದು ಸಲ ಕೈ ನೋಡ್ಕೊಳ್ಳೋನು, ಆಮೇಲೆ ಹೇಳೋನು: "ಹಬ್ಬಕ್ಕೆ ಆಗಲ್ಲ."

ಅವರ ಹಬ್ಬ ಅವರಿಗೆ, ನಿಮ್ಮ ಹೂಂ ನನಗೆ. ಕಥೆ ಮಡಚಿಟ್ಟೆ, ಏಳಿ.