ಕೊಂಬು ಬರಿದಾಗುವ ಮುನ್ನ

ಈ ಸಭೆಯ ಅಧ್ಯಕ್ಷ ಪೀಠಕ್ಕೆ, ಅದರಲ್ಲಿ ಸದ್ಯಕ್ಕೆ ಯಾರೂ ಕೂತಿಲ್ಲವಾದರೂ, ನನ್ನ ಮೊದಲ ವಂದನೆ. ಪೀಠದ ಬಲಗಡೆ ಇರುವ ಪೂಜ್ಯ ಬಿಷಪ್ ಇಯೋವಾನೆ ಅವರೇ, ಎಡಗಡೆ ಇರುವ, ನಮ್ಮ ರಾಣಿಯವರ ಚಿಕ್ಕಪ್ಪನವರಾದ ಮಾನ್ಯ ಕಾಖಾಬೆರ್ ಅವರೇ, ಮೇಲಿನ ಹಳ್ಳಿಗಳಿಂದ ಇಳಿದು ಬಂದ ಹಿರಿಯರೇ, ಕೆಳಗಿನ ಹಳ್ಳಿಗಳಿಂದ ಹೊಸ ದ್ರಾಕ್ಷಾರಸದ ವಾಸನೆ ಹಿಡಿದು ಹತ್ತಿ ಬಂದ ಹಿರಿಯರೇ, ತಾಯಂದಿರೇ, ಸಭಿಕರೇ,

ನಮ್ಮ ದಾರ್ಖೇವಿ ನಾಡಿನ ಸುಗ್ಗಿ ಔತಣದಲ್ಲಿ ದ್ರಾಕ್ಷಾರಸ ತುಂಬಿದ ಮೊದಲ ಕೊಂಬನ್ನು ಎತ್ತುವ ಗೌರವ ಈ ವರ್ಷ ಈ ಮುದುಕ ಶಾಲ್ವಾನಿಗೆ ಬಂದಿದೆ. ನಿಯಮ ನಿಮಗೆಲ್ಲ ಗೊತ್ತು. ಆದರೂ ಹೇಳುತ್ತೇನೆ, ಗೊತ್ತಿರುವುದನ್ನೇ ಮತ್ತೆ ಹೇಳುವುದು ಮುದುಕರ ಚಟ. ಕೊಂಬು ಮೇಲಿರುವವರೆಗೆ ಯಾರೂ ಏಳುವಂತಿಲ್ಲ, ಯಾರೂ ಮಾತಾಡುವಂತಿಲ್ಲ. ಎತ್ತಿದವನು ಅದನ್ನು ಕೆಳಗಿಡುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಇಡೋಣವೆಂದರೂ ಕಾಡಾಡಿನ ಕೊಂಬಿಗೆ ತಳವೆಲ್ಲಿದೆ? ಮಾತಿನ ನಡುವೆ ಸತ್ತವರ ಹೆಸರು ಬಂದರೆ ಅವರ ಪಾಲಿನ ಒಂದು ಗುಟುಕನ್ನು ರೊಟ್ಟಿಯ ಮೇಲೆ ಸುರಿಯಬೇಕು. ಕುಡಿದೋ ಸುರಿದೋ ಕೊಂಬು ಬರಿದಾದಾಗ ಪೀಠದಲ್ಲಿ ಕೂತಿರುವವರೇ ಬರುವ ಸುಗ್ಗಿಯವರೆಗೆ ನಮ್ಮನ್ನು ಆಳುವವರು. ಪೀಠ ಖಾಲಿಯಿದ್ದರೆ, ಮಾಂಸ ಕತ್ತರಿಸುವ ಮೊದಲೇ ಅದೇ ವಂಶದ ಇನ್ನೊಬ್ಬರನ್ನು ಕೂರಿಸಬೇಕು. ಕಾಖಾಬೆರ್ ಅವರು ಇವತ್ತು ಹೊಸ ನಿಲುವಂಗಿ ತೊಟ್ಟು ಬಂದಿರುವುದನ್ನು ನಾನು ಗಮನಿಸಿಲ್ಲವೆಂದಲ್ಲ. ಬಣ್ಣ ಅವರಿಗೆ ಚೆನ್ನಾಗಿ ಒಪ್ಪುತ್ತದೆ.

ಹಾಗಾಗಿ ನನ್ನ ಮಾತು ಸ್ವಲ್ಪ ಉದ್ದವಾದರೆ ದೊಡ್ಡ ಮನಸ್ಸು ಮಾಡಿ. ಕುರಿಮಾಂಸ ಆರುತ್ತಿದೆ, ಗೊತ್ತು. ನನಗೂ ಹಸಿವಾಗಿದೆ.

ನಾನು ಹೇಳಬೇಕಾಗಿರುವುದು ರಾಣಿ ಮಾರೇಖಿಯವರ ಬಾಳಿನ ಬಗ್ಗೆ, ಆಳ್ವಿಕೆಯ ಬಗ್ಗೆ. ಎಲ್ಲಿಂದ ಶುರು ಮಾಡಲಿ? ದೊಡ್ಡ ಮನೆಯ ಮಕ್ಕಳು ನಮ್ಮಲ್ಲಿ ಸಾಕುಮನೆಯಲ್ಲಿ ಬೆಳೆಯುತ್ತಾರಲ್ಲವೇ? ಆಗಿನ ದೊರೆ, ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ಸುರಿಯಬೇಕಾಗುತ್ತದೆ, ತಮ್ಮ ಕೂಸನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ಮನೆಗೆ ಕಳಿಸಿದರು. ಅಗೋ, ಅಲ್ಲಿ ಕೂತಿದ್ದಾಳಲ್ಲ ನನ್ನ ಹೆಂಡತಿ ಗುಲ್ಕಾನ್, ಅವಳ ಒಂದು ಮಗ್ಗುಲಲ್ಲಿ ನಮ್ಮ ಮಗ, ಇನ್ನೊಂದು ಮಗ್ಗುಲಲ್ಲಿ ಈಕೆ. ಹಾಲಿಗಾಗಿ ಜಗಳವಾಡುತ್ತಿದ್ದವರು ಆಮೇಲೆ ಎಲ್ಲದಕ್ಕೂ ಜಗಳವಾಡಿದರು. ಬೆಳೆದ ಮೇಲೆ ಇಬ್ಬರನ್ನೂ ಆಡು ಕಾಯಲು ಕಳಿಸಿದೆ. ಒಂದು ದಿನ ಆಡುಗಳು ಮನೆಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ, ಬಂಡೆಯ ಇಕ್ಕಟ್ಟು ದಾರಿಯಲ್ಲಿ ಒಂದರ ಹಿಂದೆ ಒಂದು ನಿಂತುಬಿಟ್ಟಿವೆ. ನನ್ನ ಕಲ್ಲುಪ್ಪಿನ ಗಡ್ಡೆಯನ್ನು ಈಕೆ ಆಟಕ್ಕೆಂದು ಆ ದಾರಿಯಲ್ಲಿ ಇಟ್ಟಿದ್ದಳು. ಮುಂದಿನ ಆಡು ನೆಕ್ಕುತ್ತಿದೆ, ಹಿಂದಿನದು ನೂಕುತ್ತಿದೆ, ಯಾವುದೂ ಕದಲುತ್ತಿಲ್ಲ. "ಕತ್ತೆ ಬುದ್ಧಿಯೋಳೇ, ಉಪ್ಪಿನ ಬೆಲೆ ಗೊತ್ತೇನೇ ನಿಂಗೆ?" ಎಂದು ಕೂಗಾಡಿದೆ. "ಗೊತ್ತು ಅಪ್ಪಯ್ಯ, ಆಡುಗಳಿಗಂತೂ ಚೆನ್ನಾಗಿ ಗೊತ್ತು," ಅಂದಳು.

ಆ ಬಾಗಿಲ ಹತ್ತಿರ ಇರುವವರು ಕೂತಲ್ಲಿಂದಲೇ ಕಿಟಕಿಯ ಚಿಲಕ ತೆಗೆಯಿರಿ. ಹೊಗೆ ಜಾಸ್ತಿಯಾಗಿದೆ. ಹೊರಗಿನ ದಾರಿಯೂ ಸ್ವಲ್ಪ ಕಾಣಲಿ.

ಎಲ್ಲಿದ್ದೆ? ಹೌದು, ಪಟ್ಟ. ಹತ್ತೊಂಬತ್ತಕ್ಕೆ ಪಟ್ಟ ಬಂತು. ಪೂಜ್ಯರು ಅವತ್ತು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಕಾಖಾಬೆರ್ ಅವರು ಇದೇ ಸಭೆಯಲ್ಲಿ ಎದ್ದು ನಿಂತು, "ಕತ್ತಿ ಹಿಡಿಯೋಕಾದ್ರೂ ಬರುತ್ತೇನಮ್ಮಾ ನಿಂಗೆ?" ಎಂದು ಕೇಳಿದರು. "ಬರಲ್ಲ ಚಿಕ್ಕಪ್ಪ. ನೀವು ಹಿಡಿದಿದ್ದನ್ನೂ ನಾನು ನೋಡಿಲ್ಲ. ಬನ್ನಿ, ಇಬ್ರೂ ಒಟ್ಟಿಗೇ ಕಲಿಯೋಣ," ಎಂದರು ರಾಣಿಯವರು. ನಗಿ, ನಗಿ, ನಗುವುದಕ್ಕೆ ನಿಯಮದ ಅಡ್ಡಿಯಿಲ್ಲ.

ಆ ಚಳಿಗಾಲ ಕಳೆಯುತ್ತಲೇ ಬಯಲಿನ ಸುಲ್ತಾನನ ಕುದುರೆ ಸೈನ್ಯ ನಮ್ಮ ಕಣಿವೆಗೆ ನುಗ್ಗಿತು. ನಾವು ಎಷ್ಟು ಜನ ಇದ್ದೆವು? ಒಂದು ಮದುವೆಯ ದಿಬ್ಬಣಕ್ಕೂ ಸಾಲದಷ್ಟು. ರಾಣಿ ಯಾರನ್ನೂ ಕತ್ತಿ ತರಲು ಹೇಳಲಿಲ್ಲ, ಮನೆಮನೆಯ ಉಪ್ಪು ತರಲು ಹೇಳಿದರು. ತಿಂಗಳುಗಟ್ಟಲೆ ದಾರಿ ಸವೆಸಿ ಬಂದ ಕುದುರೆಗಳು, ಉಪ್ಪು ಕಂಡು ಎಷ್ಟು ಕಾಲವಾಗಿತ್ತೋ! ಅದೇ ಬಂಡೆಯ ದಾರಿಯಲ್ಲಿ ಮುಂದಿನ ಕುದುರೆ ನೆಕ್ಕುತ್ತ ನಿಂತಿತು, ಹಿಂದಿನದು ನೂಕಿತು. ಸವಾರರು ಚಾವಟಿ ಬೀಸಿದರು, ಬೈದರು, ಪ್ರಾರ್ಥಿಸಿದರು. ನಾವು ಮೇಲಿನಿಂದ ಕಲ್ಲು ಉರುಳಿಸಿದೆವು. ಮೊದಲ ಕಲ್ಲು ಉರುಳಿಸಿದವನು ನಮ್ಮ ಕಮ್ಮಾರ ಬೆಕಾ, ಪಾಪ, ಅವನೇ ಮೊದಲು...

ಬಾಯಿ ಜಾರಿತು. ಹೆಸರು ಬಂದಮೇಲೆ ಬಂತು. ಬೆಕಾ, ತಗೋಪ್ಪ, ಇದು ನಿನ್ನ ಪಾಲು.

ಸಭಿಕರೇ, ಇದೇ ನನ್ನ ಕಷ್ಟ. ಈ ರಾಣಿಯ ಆಳ್ವಿಕೆಯ ಕಥೆ ಹೇಳಿದಷ್ಟೂ ಮುಗಿಯುವುದಿಲ್ಲ, ಆದರೆ ಸತ್ತವರ ಹೆಸರು ಬಿಟ್ಟು ಹೇಳಲೂ ಆಗುವುದಿಲ್ಲ. ಗೋಪುರಕ್ಕೆ ಮುತ್ತಿಗೆ ಬಿದ್ದಾಗ ಹಿಮ ಕರಗಿಸಿ ನಮಗೆಲ್ಲ ಗಂಜಿ ಹಾಕಿದ ಅಜ್ಜಿಯ ಬಗ್ಗೆ ಹೇಳದೆ ಇರಲೇ? ಹೆಸರಿಲ್ಲದೆ 'ಒಬ್ಬ ಅಜ್ಜಿ' ಎಂದರೆ ಅವಳ ಮೊಮ್ಮಕ್ಕಳು ಇಲ್ಲೇ ಕೂತಿದ್ದಾರೆ, ಏನೆಂದುಕೊಂಡಾರು? ಆಯಿತು. ಮಝಿಯಾ ಅಜ್ಜಿ, ತಗೊಳ್ಳಮ್ಮ. ಆ ಮುತ್ತಿಗೆಯಲ್ಲಿ ರಾಣಿಯವರಿಗೂ ಒಂದೇ ಸೌಟು ಗಂಜಿ. ಇನ್ನೊಂದು ಸೌಟು ಕೇಳಿದರೆ ಅಜ್ಜಿ, "ರಾಣಿ ಆದ್ರೆ ಹೊಟ್ಟೆ ಎರಡಾಗುತ್ತಾ?" ಎಂದು ಸೌಟಿನಿಂದಲೇ ಕೈಗೆ ಹೊಡೆದಿದ್ದಳು.

ಕೊಂಬು ಹಗುರಾಗಿದೆ. ಕೈಗೆ ಸಮಾಧಾನ, ಎದೆಗೆ ಭಯ.

ರಾಣಿ ಎಲ್ಲಿ ಎಂದು ನಿಮ್ಮೆಲ್ಲರ ಕಣ್ಣು ಕೇಳುತ್ತಿದೆ. ಮುಚ್ಚಿಡುವುದೇನಿದೆ? ಇವತ್ತು ಬೆಳಗ್ಗೆ ಒಬ್ಬ ಕುರುಬ ಓಡಿ ಬಂದ. ಕೆಳಗಿನ ಸೇತುವೆಯ ಹತ್ತಿರ ಬಯಲಿನ ಸವಾರರು ಕಂಡರು ಎಂದ. ರಾಣಿ ಜೀನು ಬಿಗಿಯುತ್ತ ನನ್ನನ್ನು ಕರೆದರು. "ಅಪ್ಪಯ್ಯ, ಹೋಗ್ದಿದ್ರೆ ಸೇತುವೆ ಹೋಗುತ್ತೆ, ಹೋದ್ರೆ ಕುರ್ಚಿ ಹೋಗುತ್ತೆ. ಏನ್ ಮಾಡ್ಲಿ ಹೇಳು."

"ನೀನು ಸೇತುವೆ ಕಾಯಿ ಮಗಳೇ. ಕುರ್ಚಿ ನಾನು ಕಾಯ್ತೀನಿ."

"ಎಷ್ಟು ಹೊತ್ತು ಕಾಯ್ತೀಯ?"

"ಕೈ ಸೋಲೋವರೆಗೂ."

ಬೆರಳೆಣಿಕೆಯ ಸವಾರರನ್ನು ಕರೆದುಕೊಂಡು ಹೊರಟರು. ಮಧ್ಯಾಹ್ನಕ್ಕೆ ಬರಬೇಕಿತ್ತು. ಈಗ ದೀಪ ಹಚ್ಚಿದ್ದೇವೆ.

ಇಲ್ಲಿ ಒಂದು ಮಾತು. ಕಾಖಾಬೆರ್ ಅವರು ನನ್ನನ್ನು ಈ ಗೌರವಕ್ಕೆ ಆರಿಸಿದ್ದಕ್ಕೆ ನಾನು ಋಣಿ. ನಿನ್ನೆ ಸ್ವತಃ ನಮ್ಮ ಮನೆಗೆ ಬಂದಿದ್ದರು. ಅಂಗಳದಲ್ಲಿ ಕೂತು, ನಮ್ಮದೇ ಅಕ್ರೋಟು ಒಡೆದು ತಿನ್ನುತ್ತ, "ಶಾಲ್ವಾ, ನಾಳೆ ಕೊಂಬು ನೀನೇ ಎತ್ತು. ಎರಡು ಮಾತಾಡು, ಕುಡಿದು ಮುಗಿಸು. ನಿನ್ನ ಮಗನ್ನ ಹೊಳೆಗೆ ತಳ್ಳಿದೋಳಿಗೆ ಉದ್ದುದ್ದ ಹೊಗಳಿಕೆ ಯಾಕಯ್ಯಾ?" ಎಂದರು. ನಾನು ಅಕ್ರೋಟಿನ ಸಿಪ್ಪೆ ಗುಡಿಸಿದೆ. ಅವರು ಅದನ್ನೇ ಒಪ್ಪಿಗೆ ಎಂದುಕೊಂಡು ಬೆನ್ನು ತಟ್ಟಿ ಹೋದರು.

ಇರಿ. ಒಂದು ನಿಮಿಷ ಇರಿ.

ನಿನ್ನೆಯೇ ಯಾಕೆ ಮಾತು ಚಿಕ್ಕದಿರಲಿ ಎಂದರು? ನಿನ್ನೆ ರಾಣಿ ಊರಲ್ಲೇ ಇದ್ದರಲ್ಲ? ಅವರು ಪೀಠದಲ್ಲಿ ಕೂತಿದ್ದರೆ ನಾನು ಎರಡು ಮಾತಾಡಿದರೇನು, ಎರಡು ಸಾವಿರ ಆಡಿದರೇನು? ಕುರುಬ ಬಂದದ್ದು ಇವತ್ತು ಬೆಳಗ್ಗೆ. ಆ ಕುರುಬ ಯಾರ ಮನೆಯವನು? ನಾನು ಹೇಳಿರಲಿಲ್ಲವೇ? ಕಾಖಾಬೆರ್ ಅವರ ಕುರಿ ಕಾಯುವವನು. ಸಭಿಕರೇ, ಈ ಎರಡು ಮಾತನ್ನು ನಾನೂ ಈಗಲೇ ಒಟ್ಟಿಗೆ ಕೇಳಿಸಿಕೊಳ್ಳುತ್ತಿದ್ದೇನೆ. ನಾನೇ ಅವಳಿಗೆ ಹೋಗು ಎಂದೆ. ನಾನೇ.

ಕಾಖಾಬೆರ್ ಅವರೇ, ಕೂತಿರಿ. ಕೊಂಬು ಇನ್ನೂ ಮೇಲಿದೆ.

ಅವರು ನನ್ನನ್ನು ಆರಿಸಿದ್ದರಲ್ಲಿ ತಪ್ಪೇನಿಲ್ಲ. ಮಗನನ್ನು ಕಳೆದುಕೊಂಡವನು ನಾನು. ಹೊಳೆ ತುಂಬಿ ಹರಿಯುತ್ತಿದ್ದ ವರ್ಷ, ಅದನ್ನು ದಾಟುವ ಕಡವಿನಲ್ಲಿ ನಿಂತು ಶತ್ರುವನ್ನು ತಡೆಯಲು ರಾಣಿ ಕಳಿಸಿದವರಲ್ಲಿ ಅವನೂ ಒಬ್ಬ. ಕಡವು ಉಳಿಯಿತು, ಊರು ಉಳಿಯಿತು. ಅವನು ಮಾತ್ರ ಸಿಗಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಸಿಗದವನ ಹೆಸರಲ್ಲಿ ಹೇಗೆ ಸುರಿಯಲಿ? ಪ್ರತಿ ಸುಗ್ಗಿಗೂ ಗುಲ್ಕಾನ್ ಕೇಳುತ್ತಾಳೆ, "ಈ ವರ್ಷನಾದ್ರೂ ಸುರೀರಿ, ಅವನಿಗೆ ಬಾಯಾರಿರುತ್ತೆ." ನಾನು ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತೇನೆ. ಎಲ್ಲಿಯೋ ಕೆಳಗಿನ ಊರಲ್ಲಿ ದಡ ಸೇರಿರಬಹುದು, ನೆನಪು ಹೋಗಿರಬಹುದು, ಯಾರದೋ ಕುರಿ ಕಾಯುತ್ತಿರಬಹುದು. ತಂದೆಯ ತಲೆಗೆ ಏನೇನು ಹೊಳೆಯುವುದಿಲ್ಲ ಹೇಳಿ?

ಯುದ್ಧ ಮುಗಿದ ಮೇಲೆ ರಾಣಿ ನಮ್ಮ ಅಂಗಳಕ್ಕೆ ಬಂದರು. ಒಳಗೆ ಬರಲಿಲ್ಲ. ತಾನು ಬೆಳೆದ ಮನೆಯ ಹೊಸ್ತಿಲು ದಾಟಲು ಹೆದರಿ ನಿಂತಿದ್ದಳು, ಸುಲ್ತಾನನಿಗೆ ಹೆದರದವಳು. "ಅಪ್ಪಯ್ಯ, ಅಲ್ಲಿ ಬೇರೆ ಯಾರನ್ನಾದ್ರೂ ನಿಲ್ಲಿಸಬಹುದಿತ್ತು. ಅವನು ಓಡಿಹೋಗಲ್ಲ ಅಂತ ನಂಗೆ ಗೊತ್ತಿತ್ತು. ಅದಕ್ಕೇ ಅವನನ್ನ ನಿಲ್ಲಿಸ್ದೆ," ಅಂದಳು. ಆಗ ಇನ್ನೊಂದು ಮಾತು ಅಂದಳು: "ಯಾವತ್ತು ಅವನ ಹೆಸರಲ್ಲಿ ಸುರೀತೀಯೋ, ಅವತ್ತು ನನ್ನ ಎದುರಿಗೇ ಸುರಿ. ನಾನಿಲ್ದಾಗ ಸುರೀಬೇಡ."

ಅವಳನ್ನು ಕ್ಷಮಿಸಿದ್ದೇನೆಯೇ? ಪೂಜ್ಯರು ನನ್ನನ್ನು ಹಲವು ಬಾರಿ ಕೇಳಿದ್ದಾರೆ. ಗೊತ್ತಿಲ್ಲ ಸ್ವಾಮಿ. ಈ ಕೊಂಬು ಎತ್ತುವವರೆಗೂ ಗೊತ್ತಿರಲಿಲ್ಲ. ಈಗ ನನ್ನ ಎರಡನೆಯ ಕೂಸೂ ಹೊಳೆಯ ಹತ್ತಿರವೇ ಎಲ್ಲಿಯೋ ಇದೆ, ನನಗೆ ಗೊತ್ತಿರುವುದು ಅಷ್ಟೇ.

ಒಳಗೆ ಉಳಿದಿರುವುದು ಒಂದೇ ಗುಟುಕು. ಅವನ ಹೆಸರು ನಾಲಿಗೆಯ ಮೇಲೇ ಇದೆ. ಆಡಿದರೆ ಮುಗಿಯಿತು, ಅದಕ್ಕೇ ಹಲ್ಲು ಕಚ್ಚಿ ಬೇರೆ ಮಾತಾಡುತ್ತಿದ್ದೇನೆ. ಈ ವರ್ಷದ ದ್ರಾಕ್ಷಿ ಚೆನ್ನಾಗಿದೆ. ಮೇಲಿನ ತೋಟದ್ದು ಸ್ವಲ್ಪ ಹುಳಿ. ಕಣಜಗಳ ಕಾಟ ಜಾಸ್ತಿಯಿತ್ತು. ಹೋದ ವಾರ ನಮ್ಮ ಕರಿಯಾಡು ಅವಳಿ ಮರಿ ಹಾಕಿತು. ಕೈ ಮರಗಟ್ಟಿದೆ, ಸಭಿಕರೇ, ಇನ್ನು ಹೆಚ್ಚು ಹೊತ್ತು...

ನಾಯಿಗಳು ಬೊಗಳುತ್ತಿವೆ.

ಬೊಗಳುವುದು ನಿಲ್ಲಿಸಿದವು. ಕೇಳಿದಿರಾ? ಹೆಬ್ಬಾಗಿಲ ನಾಯಿಗಳು ಹೊರಗಿನವರಿಗೆ ಇಡೀ ರಾತ್ರಿ ಬೊಗಳುತ್ತವೆ. ಮನೆಯವರು ಬಂದರೆ ಮಾತ್ರ ಹೀಗೆ ಶುರು ಮಾಡಿ ನಿಲ್ಲಿಸುತ್ತವೆ.

ಯಾರೂ ಏಳಬೇಡಿ. ಬಾಗಿಲು ಹೊರಗಿನಿಂದ ತೆರೆಯುತ್ತದೆ, ಅವರೇ ತೆರೆದುಕೊಳ್ಳಲಿ. ಬಾ ಮಗಳೇ. ಕಾಲಿಗೇನಾಯಿತು? ಆಮೇಲೆ ಹೇಳು, ಮೊದಲು ನಡೆ. ಆ ಕುರುಬನನ್ನೂ ಕೈ ಕಟ್ಟಿ ಎಳೆದು ತಂದಿದ್ದೀಯಾ? ಒಳ್ಳೆಯದಾಯಿತು, ಅವನ ಯಜಮಾನರು ಇಲ್ಲೇ ಇದ್ದಾರೆ. ಕೆಸರಿನ ಬೂಟು ಇರಲಿ, ಪೀಠಕ್ಕೆ ಅದು ಹೊಸದೇನಲ್ಲ. ನಿಧಾನ. ಇನ್ನೂ ಒಂದು ಗುಟುಕಿದೆ.

ಕೂತೆಯಾ?

ಸಭಿಕರೇ, ನೋಡಿಕೊಳ್ಳಿ. ಪೂಜ್ಯರೇ, ನೋಡಿಕೊಳ್ಳಿ. ಪೀಠ ತುಂಬಿದೆ.

ಈ ಕೊನೆಯ ಗುಟುಕನ್ನು ನಾನು ಕುಡಿಯುವುದಿಲ್ಲ. ಗುಲ್ಕಾನ್, ರೊಟ್ಟಿಯನ್ನು ಇತ್ತ ಸರಿಸು. ಮಗಳೇ, ನಿನ್ನ ಎದುರಿಗೇ ಸುರಿಯುತ್ತಿದ್ದೇನೆ.

ಗೇಲಾ. ಶಾಲ್ವಾ ಮತ್ತು ಗುಲ್ಕಾನರ ಮಗ, ಮಾರೇಖಿಯ ಹಾಲಣ್ಣ ಗೇಲಾ. ತಗೋ ಮಗನೇ. ಬಹಳ ದಿನ ಕಾಯಿಸಿದೆ.

ಕೊಂಬು ಬರಿದಾಗಿದೆ. ಇನ್ನು ಏಳುವವರು ಏಳಬಹುದು, ಕಾಖಾಬೆರ್ ಅವರೇ, ತಾವೂ ಏಳಬಹುದು. ನನಗೆ ಈ ಅವಕಾಶ ಕೊಟ್ಟ ತಮಗೆ ಕೃತಜ್ಞತೆಗಳು, ಹಸಿದುಕೊಂಡು ಕೇಳಿದ ಎಲ್ಲರಿಗೂ ಕೃತಜ್ಞತೆಗಳು, ಬೊಗಳಿ ನಿಲ್ಲಿಸಿದ ನಾಯಿಗಳಿಗೂ ಕೃತಜ್ಞತೆಗಳು. ಯಾರಾದರೂ ಬಂದು ನನ್ನ ಬಲಗೈಯನ್ನು ಕೆಳಗಿಳಿಸಿ, ಅದು ನನ್ನ ಮಾತು ಕೇಳುತ್ತಿಲ್ಲ. ನೀನು ಏಳಬೇಡ ಮಾರೇಖಿ, ಕೂತಿರು, ಕಾಲು ನೋವು ನಿನಗೆ... ಸರಿ, ನೀನೇ ಹಿಡಿದುಕೋ.

ಈ ಕೈ ಇಳಿಯುವವರೆಗೆ ಎಲ್ಲರಿಗೂ ನನ್ನದು ಒಂದೇ ಕೈಯ ನಮಸ್ಕಾರ.