ಭರಣಿಗೆ ಆಗುವ ಕೈ

ನೋಡಿ, ಒಂದು ಊರಿತ್ತು, ಅಲ್ಲೊಬ್ಬ ಸಿರಿವಂತನಿದ್ದ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅವನ ಮನೆಯನ್ನು ಪಕ್ಕದ ಬೀದಿಯಲ್ಲಿ ಹುಡುಕುತ್ತೀರಿ.

ಅವನ ಹಿತ್ತಲಲ್ಲಿ ಒಂದು ಮಾದಲದ ಗಿಡ. ಮಾದಲಹಣ್ಣು ಗೊತ್ತಲ್ಲ? ನಿಂಬೆಯ ದೊಡ್ಡಣ್ಣನ ಹಾಗಿರುತ್ತದೆ. ಮೈಯೆಲ್ಲ ಗಂಟುಗಂಟು, ಸಿಪ್ಪೆ ದಪ್ಪ, ರಸ ಹೆಸರಿಗೆ ಮಾತ್ರ. ಆ ಊರ ದೇವಿಯ ಕೈಯಲ್ಲಿ ಕಲ್ಲಲ್ಲಿ ಕೆತ್ತಿದ್ದೂ ಅದೇ ಹಣ್ಣು. ಹಾಗಾಗಿ ನವರಾತ್ರಿಯ ಶುಕ್ರವಾರ ಗಿಡದ ಮೊದಲ ಹಣ್ಣು ದೇವಿಗೆ, ಉಳಿದದ್ದು ಉಪ್ಪಿನಕಾಯಿಗೆ.

ಗಿಡಕ್ಕೆ ನೀರು ಹೊಯ್ಯುತ್ತಿದ್ದವಳು ಆ ಮನೆಯ ಕಿರಿಸೊಸೆ, ಸಿರಿವಂತನ ತಮ್ಮನ ಹೆಂಡತಿ. ತಮ್ಮ ತೀರಿಕೊಂಡಿದ್ದ. ಸಿರಿವಂತನ ಹೆಂಡತಿಯನ್ನು ಅವಳು ಅಕ್ಕ ಎನ್ನುತ್ತಿದ್ದಳು. ಅವಳಿಗಿನ್ನೂ ಚಿಕ್ಕ ವಯಸ್ಸು. ಹಣ್ಣು ಹೆಚ್ಚಿ, ಉಪ್ಪು ಬೆರೆಸಿ, ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟುವವಳೂ ಅವಳೇ. ಗಂಡ ಹೋದ ಮೇಲೆ ಮಾತು ಕಡಿಮೆಯಾಗಿತ್ತು. ಅಳುವೂ ಬರುತ್ತಿರಲಿಲ್ಲ. ಕೈ ಮಾತ್ರ ಕೆಲಸ ಮಾಡುತ್ತಿತ್ತು.

ಆ ವರ್ಷ ಮೊದಲ ಹಣ್ಣು ಬಣ್ಣಕ್ಕೆ ತಿರುಗಿದಾಗ, ಎಷ್ಟೋ ಕಾಲದ ಮೇಲೆ ಅವಳಿಗೆ ಒಂದು ಆಸೆಯಾಯಿತು. ಅದನ್ನು ತಾನೇ ಕೊಯ್ದು ದೇವಿಯ ಮುಂದಿಡಬೇಕು. ಇಷ್ಟೇ.

ಶುಕ್ರವಾರ ಬೆಳಿಗ್ಗೆ ಅವಳು ಗಿಡಕ್ಕೆ ಕೈ ಹಾಕಿದಳು. ಸಿರಿವಂತ ಜಗಲಿಯಿಂದಲೇ ಕೂಗಿದ.

“ಮುಟ್ಟಬೇಡಮ್ಮ ಅದನ್ನ. ದೇವರಿಗೆ ಹೋಗೋದು. ನಿಮ್ಮಕ್ಕ ಕೀಳ್ತಾಳೆ.”

“ಯಾಕೆ ಭಾವ?”

“ಯಾಕೆ ಅಂದ್ರೆ? ನಿನ್ನ ಕೈ ಶುಭಕ್ಕೆ ಆಗಲ್ಲ. ಗೊತ್ತಿಲ್ವಾ?”

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು. ಸೋತಳು ಅಂದುಕೊಂಡಿರಾ? ಕೇಳಿ.

ಮಧ್ಯಾಹ್ನ ಸಿರಿವಂತ ಎಲೆಯ ಮುಂದೆ ಕೂತು ಮೊಸರನ್ನ ಕಲಸಿಕೊಂಡ.

“ಎಲ್ಲಿ, ಮಾದಲದ ಉಪ್ಪಿನಕಾಯಿ?”

“ಇಲ್ಲ ಭಾವ.”

“ಭರಣಿ ಖಾಲಿನಾ?”

“ತುಂಬಿದೆ. ಆದ್ರೆ ಹಾಕಿದ್ದು ಈ ಕೈ. ದೇವಿಗೇ ಆಗದ ಕೈ ನಿಮಗೆ ಹೇಗಾದೀತು? ನೀವೇನು ಅವಳಿಗಿಂತ ಕಡಿಮೆಯವರಾ?”

ಸಿರಿವಂತ ಹೆಂಡತಿಯ ಕಡೆ ತಿರುಗಿದ. “ನೀನೇ ಬಡಿಸೇ.”

“ನಾನಾ?” ಎಂದಳು ಆಕೆ, ನಗು ತಡೆದುಕೊಂಡು. “ನನ್ನ ಕೈ ತಾಗಿದ್ರೆ ಬೂಷ್ಟು ಹಿಡಿಯುತ್ತೆ, ಭರಣಿ ಹತ್ರ ಹೋಗಬೇಡ ಅಂತ ಮದುವೆಯಾದಾಗಿಂದ ಹೇಳ್ತಿದೀರಲ್ಲ.”

ನೋಡಿ ಫಜೀತಿ. ಒಬ್ಬಳ ಕೈ ಭರಣಿಗೆ ಆಗುವುದಿಲ್ಲ, ಇನ್ನೊಬ್ಬಳ ಕೈ ದೇವಿಗೆ ಆಗುವುದಿಲ್ಲ. ಹಾಗೆಂದು ತೀರ್ಮಾನ ಮಾಡಿದವನ ಕೈ ಬರಿಯ ಮೊಸರನ್ನದಲ್ಲಿ.

“ಸರಿ, ಹಣ್ಣು ನೀನೇ ಕೀಳು,” ಎಂದ ಕೊನೆಗೆ ಕಿರಿಸೊಸೆಗೆ. “ತಟ್ಟೆ ಅಕ್ಕ ಹಿಡೀಲಿ.”

“ತಟ್ಟೆನೂ ನಾನೇ ಹಿಡೀತೀನಿ ಭಾವ.”

ಸಂಜೆ ಹಣ್ಣು ಕೊಯ್ದು ತಟ್ಟೆಯಲ್ಲಿಟ್ಟು ಅವಳು ಮುಂದೆ ನಡೆದಳು, ಮನೆಯವರು ಹಿಂದೆ. ನೋಡಲು ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಗುಡಿಯಲ್ಲಿ ಅರ್ಚಕರು ತಟ್ಟೆಗೆ ಕೈ ಚಾಚಲಿಲ್ಲ, ಸಿರಿವಂತನ ಮುಖ ನೋಡಿದರು. ಅವಳು ತಟ್ಟೆ ಇಳಿಸಲಿಲ್ಲ. ತೋಳು ಸೋಲುತ್ತಿತ್ತು, ಆದರೂ ಇಳಿಸಲಿಲ್ಲ. ಸಿರಿವಂತ ಗಂಟಲು ಸರಿಮಾಡಿಕೊಂಡ.

“ನಮ್ಮ ಮನೆ ಹಣ್ಣು. ಬೆಳೆಸಿದವಳೇ ತಂದಿದಾಳೆ. ತಗೊಳ್ಳಿ.”

ಹಣ್ಣು ದೇವಿಯ ಪಾದದ ಬಳಿ ಕೂತಿತು. ಅವಳು ತಲೆಯೆತ್ತಿ ಮೇಲಿನ ಕಲ್ಲಿನ ಹಣ್ಣನ್ನು ನೋಡಿದಳು. ಅದರ ಮೈಮೇಲೂ ಅವೇ ಗಂಟುಗಳು. ಆಗ ಅವಳಿಗೆ ಅಳು ಬಂತು.

ಉಪ್ಪಿನಕಾಯಿಯ ಆಸೆಗೆ ಒಪ್ಪಿದ ಎಂದು ನೀವು ನಗುತ್ತಿದ್ದೀರಿ. ಹೌದು, ಆಸೆಗೇ ಒಪ್ಪಿದ. ಒಪ್ಪಿದನಲ್ಲ? ನೀವು ಅಷ್ಟಕ್ಕಾದರೂ ಒಪ್ಪಿದ್ದೀರಾ? ಒಂದು ಮಾತು ಕೇಳುತ್ತೇನೆ. ಆ ಕಲ್ಲಿನ ಹಣ್ಣನ್ನು ಕೆತ್ತಿದ ಶಿಲ್ಪಿಯ ಹೆಂಡತಿ ಬದುಕಿದ್ದಳೋ, ಸತ್ತಿದ್ದಳೋ? ಯಾರಾದರೂ ವಿಚಾರಿಸಿದರೇ? ಅವನ ಕೈ ದೇವಿಯ ಮುಖವನ್ನೇ ಮಾಡಿತು. ಇವಳ ಕೈ ಒಂದು ಹಣ್ಣು ಇಡಬಾರದೇ?

ಕೇಳಿ ಸುಮ್ಮನೆ ಎದ್ದು ಹೋಗಬೇಡಿ. ಬರುವ ಶುಕ್ರವಾರ ಕುಂಕುಮದ ಬಟ್ಟಲು ಹಿಡಿದು ಸಾಲಿನಲ್ಲಿ ಬರುವಾಗ, ಗೋಡೆಗೆ ಒರಗಿ ನಿಂತವಳನ್ನು ದಾಟಿ ಮುಂದೆ ಹೋಗಬೇಡಿ. ಅವಳ ಮುಂದೆಯೂ ಹಿಡಿಯಿರಿ. ತೆಗೆದುಕೊಳ್ಳುವುದು, ಬಿಡುವುದು ಅವಳಿಗೆ ಸೇರಿದ್ದು. ಮಗಳ ಮದುವೆಗೆ ಹಪ್ಪಳ ಒತ್ತಲು ಕರೆದವಳನ್ನು ಅಕ್ಷತೆ ಹಾಕಲೂ ಕರೆಯಿರಿ. ಅದು ನಿಮ್ಮಿಂದ ಆಗದು ಎನ್ನುವುದಾದರೆ, ಅವಳು ಬಡಿಸಿದ ಎಲೆಯ ಮುಂದೆ ಕೂರಬೇಡಿ.