ಮೊದಲ ಬೆಂಕಿ ಯಾರದು?

ತುರ್ಕಿ ದೇಶದ ಗುಡ್ಡಗಳ ನಡುವೆ ಒಂದು ಪುಟ್ಟ ಹಳ್ಳಿ. ಅಲ್ಲೂ ಒಬ್ಬ ಶ್ರೀಮಂತ ಇದ್ದ. ಶ್ರೀಮಂತನಿಲ್ಲದ ಊರು ಎಲ್ಲಿದೆ ಹೇಳಿ!

ರೊಟ್ಟಿ ಸುಡಲು ಊರಿಗೆಲ್ಲ ಒಂದೇ ದೊಡ್ಡ ಕಲ್ಲಿನ ಒಲೆ. ರಾತ್ರಿ ತಣ್ಣಗಾದ ಆ ಕಲ್ಲು ಕಾಯಬೇಕಾದರೆ ಬೆಳಿಗ್ಗೆ ಮೊದಲು ಬಂದವರ ಸೌದೆಯ ಹೊರೆ ಪೂರ್ತಿ ಉರಿಯಬೇಕು. ಆಮೇಲೆ ಬಂದವರಿಗೆ ನಾಲ್ಕು ಕಡ್ಡಿ ಸಾಕು. ಅದಕ್ಕೇ ಊರವರು ಮೊದಲ ಬೆಂಕಿಗೆ ಸರದಿ ಮಾಡಿಕೊಂಡಿದ್ದರು. ಇಂದು ನಿನ್ನ ಮನೆ, ನಾಳೆ ನನ್ನ ಮನೆ. ಎಂಥ ಅಚ್ಚುಕಟ್ಟು ನೋಡಿ! ಕಾವಲಿಲ್ಲ, ದಂಡವಿಲ್ಲ, ಆದರೂ ಯಾರೂ ತಪ್ಪಿಸುತ್ತಿರಲಿಲ್ಲ.

ಶ್ರೀಮಂತನಿಗೆ ಮಾತ್ರ ಸಂಕಟ. "ನನ್ನ ಸೌದೆ ಸುಟ್ಟು ಊರವರ ರೊಟ್ಟಿ ಬೇಯಿಸ್ಬೇಕಾ?" ಎಂದ. ತನ್ನ ಅಂಗಳದಲ್ಲೇ ಒಲೆ ಕಟ್ಟಿಸಿದ. ಇನ್ನು ಊರೊಲೆಯ ಕಡೆ ಹೋಗಕೂಡದು ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ಏನಾಯಿತು? ಅಂಗಳದ ಒಲೆಯಲ್ಲಿ ದಿನಾ ಮೊದಲ ಬೆಂಕಿಯೂ ಅವನದೇ, ಕೊನೆಯ ಬೆಂಕಿಯೂ ಅವನದೇ! ಹಿಮ ಬಿದ್ದು ಕಾಡಿನ ದಾರಿ ಮುಚ್ಚುವ ಹೊತ್ತಿಗೆ ಮನೆಯಲ್ಲಿ ಒಂದು ತುಂಡು ಸೌದೆಯಿಲ್ಲ. ಹಿಟ್ಟು ನಾದಿಟ್ಟಿದೆ, ಮೊಮ್ಮಕ್ಕಳು ಹಸಿವೆಂದು ಅಳುತ್ತಿವೆ.

"ಊರೊಲೆಗೆ ಹೋಗಿ ಬಾ" ಎಂದ ಹೆಂಡತಿಗೆ.

"ಹೋಗ್ಬೇಡ ಅಂದವ್ರು ನೀವು. ಹಿಟ್ಟು ಹೊತ್ಕೊಂಡು ಹೋಗೋರೂ ನೀವೇ" ಎಂದಳು ಆಕೆ. ಭಲೇ ಹೆಣ್ಣುಮಗಳು!

ಹೊತ್ತು ಹೊರಟ. ಹಳೆಯದೆಲ್ಲ ಎತ್ತಿ ಆಡಿದರೆ? ಹೊರಗೆ ಹಾಕಿದರೆ? ಹಿಂಜರಿಯುತ್ತಲೇ ಊರೊಲೆಗೆ ಬಂದ. ಒಲೆಯ ಮುಂದೆ ಫಿದಾನ್ ಎಂಬ ಬಡ ವಿಧವೆ ಕೂತಿದ್ದಳು. ಏನೂ ಕೇಳದೆ ಹಿಟ್ಟು ಇಸಿದುಕೊಂಡು ರೊಟ್ಟಿ ಸುಟ್ಟು ಕೊಟ್ಟಳು.

"ಇವತ್ತಿನ ಬೆಂಕಿ ಯಾರ್ದಮ್ಮಾ?" ಮೆಲ್ಲಗೆ ಕೇಳಿದ.

"ನಿಮ್ಮನೇದೇ ಯಜಮಾನ್ರೇ."

ಅವನಿಗೆ ಅರ್ಥವಾಗಲಿಲ್ಲ.

"ಸರದೀಲಿ ನಿಮ್ಮ ಮನೆ ಬಿಟ್ಟಿಲ್ಲ ನಾವು. ನಿಮ್ಮ ದಿನ ಬಂದಾಗ ಎಲ್ರೂ ಒಂದೊಂದು ಸೌದೆ ತಂದು ಹಚ್ತೀವಿ. ಇವತ್ತಲ್ಲ ನಾಳೆ ಬರ್ತೀರಲ್ಲ!"

ಬಿಸಿ ರೊಟ್ಟಿ ಎದೆಗೊತ್ತಿಕೊಂಡು ಆ ಮನುಷ್ಯ ಅತ್ತುಬಿಟ್ಟ. ಎಂಥ ಜನ, ಬಂಧುಗಳೇ, ಎಂಥ ಜನ!

ಈಗ ಪಕ್ಕದವರ ಮುಖ ನೋಡಬೇಡಿ, ನಿಮ್ಮನ್ನೇ ನೋಡಿಕೊಳ್ಳಿ. ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ಕಾಲವಾಯಿತು? "ಅವನೇ ಮೊದಲು ಮಾತಾಡಲಿ" ಅನ್ನುತ್ತೀರಿ. ಬೀದಿಯ ಕಸವನ್ನು "ಅವರೇ ಮೊದಲು ಗುಡಿಸಲಿ" ಅನ್ನುತ್ತೀರಿ. ಕಾದ ಒಲೆ ಎಲ್ಲರಿಗೂ ಬೇಕು, ಕಾಯಿಸುವವರು ಯಾರು? ಇವತ್ತು ಮನೆಗೆ ಹೋಗುವಾಗ ಅಣ್ಣನ ಬಾಗಿಲು ತಟ್ಟಿ, ಊಟಕ್ಕೆ ಕರೆಯಿರಿ. ಬರಲಿಲ್ಲವೇ? ಬೈಯಬೇಡಿ. ಊಟಕ್ಕೆ ಕೂರುವಾಗ ಅವನ ಜಾಗ ಬಿಟ್ಟು ಕೂತುಕೊಳ್ಳಿ.